ತಂತಿ ಕಟ್ಟಿದ ಬ್ಯಾರಿಕೇಡ್

ಹುಬ್ಬಳ್ಳಿಯಲ್ಲಿ ಪೊಲೀಸ್ ಕೆಲಸ ಮಾಡಿ ಹೋದ ವರ್ಷ ಎಎಸ್‌ಐ ಆಗಿ ನಿವೃತ್ತನಾದೆ. ಬಂದೋಬಸ್ತ್ ಅಂದರೆ ನನಗೆ ಮೊದಲು ನೆನಪಾಗುವುದು ದುರ್ಗದಬೈಲ್. ಗಣಪತಿ ಕಳಿಸುವ 11ನೇ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸುತ್ತ ಇಕ್ಕಟ್ಟು ಓಣಿಗಳು. ಕೆಳಗೆ ಅಂಗಡಿ, ಮೇಲೆ ಮನೆ.

ಒಂದು ವರ್ಷ ಅಲ್ಲಿನ ಓಣಿಯೊಂದರ ಬಾಯಿಗೆ ಮೂರು ಬ್ಯಾರಿಕೇಡ್ ಇಡಿಸಿ, ಜನ ನೂಕಬಾರದು ಅಂತ ತಂತಿಯಿಂದ ಬಿಗಿದು ಕಟ್ಟಿಸಿದ್ದೆ. ಮಧ್ಯಾಹ್ನ ಆಟೊ ಒಂದು ಬಂತು. ಹುಡುಗನೊಬ್ಬ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ. ‘ಸಾಹೇಬ್ರ, ಎರಡಕ್ಕ ನಮ್ಮ ಪಾಳಿ ಐತ್ರಿ, ಬಿಡ್ರಿ’ ಅಂದ. ತಂತಿ ಬಿಚ್ಚಲು ನಮ್ಮ ಹತ್ತಿರ ಇಕ್ಕಳ ಇರಲಿಲ್ಲ. ‘ಹಿಂದಿನ ಓಣಿಯಿಂದ ಸುತ್ತು ಹಾಕ್ಕೊಂಡು ಹೋಗು’ ಅಂದೆ. ಆ ಕಡೆಯೂ ಬಂದ್ ಆಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪಾಳಿ ತಪ್ಪಿತು. ರಾತ್ರಿಯೆಲ್ಲ ಮುದುಕರಿಗೆ ಉಸಿರಾಟದ ತೊಂದರೆ ಆಯಿತಂತೆ. ಮರುದಿನ ಡಯಾಲಿಸಿಸ್ ಆಯಿತು, ಜೀವಕ್ಕೆ ಏನೂ ಆಗಲಿಲ್ಲ. ಆದರೂ ಆ ತಂತಿ ಕಟ್ಟಿಸಿದವನು ನಾನು.

ಮುಂದಿನ ವರ್ಷ ಹಬ್ಬಕ್ಕೆ ಒಂದು ವಾರ ಮುಂಚೆ, ಒಬ್ಬ ಹೋಮ್‌ಗಾರ್ಡ್ ಜೊತೆ ಬೆಳಿಗ್ಗೆ ಆರಕ್ಕೇ ಓಣಿ ತಿರುಗಿದೆ. ಹಾಲಿನ ಗಾಡಿ ಎಷ್ಟಕ್ಕೆ ಬರುತ್ತದೆ, ಅಂಗಡಿಗೆ ಮಾಲು ಯಾವಾಗ ಇಳಿಯುತ್ತದೆ, ಯಾರ ಮನೆಯಲ್ಲಿ ದಿನ ತುಂಬಿದ ಬಸುರಿ ಇದ್ದಾಳೆ, ಯಾರಿಗೆ ಡಯಾಲಿಸಿಸ್ ಇದೆ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲ ದಿನ ಜನ ಅನುಮಾನದಿಂದಲೇ ನೋಡಿದರು. ಖಾಕಿ ಹಾಕಿದವರು ಬಾಗಿಲಿಗೆ ಬಂದರೆ ಹಾಗೇ ಅಲ್ವಾ? ಮೂರನೇ ದಿನ ಅವರೇ ಕರೆದು ಹೇಳತೊಡಗಿದರು.

ತಂತಿ ಬಿಟ್ಟು ಕೊಕ್ಕೆ ಹಾಕಿಸಿದೆ. ಒಬ್ಬನೇ ಒಂದು ಕೈಯಲ್ಲಿ ಬಿಚ್ಚಬೇಕು. ಬ್ಯಾರಿಕೇಡುಗಳನ್ನು ಒಂದೇ ಸಾಲಿನಲ್ಲಿ ಇಡದೆ ಹಿಂದೆ ಮುಂದೆ ಇಡಿಸಿದೆ. ಗುಂಪು ಒಮ್ಮೆಲೇ ನುಗ್ಗುವುದಿಲ್ಲ, ನಡೆದು ಬರುವವರು ಒಬ್ಬೊಬ್ಬರಾಗಿ ದಾಟಬಹುದು. ಇದಕ್ಕಿಂತ ಮುಖ್ಯವಾದದ್ದು ಅಲ್ಲಿ ಯಾರು ನಿಲ್ಲುತ್ತಾರೆ ಅನ್ನುವುದು. ದೊಡ್ಡ ಬಂದೋಬಸ್ತಿಗೆ ಬೇರೆ ಜಿಲ್ಲೆಗಳಿಂದ ಸಿಬ್ಬಂದಿ ಬರುತ್ತಾರೆ. ಅವರಿಗೆ ಮೇದಾರ ಓಣಿ ಯಾವ ಕಡೆ ಅಂತ ಗೊತ್ತಿರುವುದಿಲ್ಲ, ಅವರ ತಪ್ಪೂ ಅಲ್ಲ. ಸುಮ್ನೆ ‘ಬಂದ್ ಐತಿ’ ಅಂದುಬಿಡುತ್ತಾರೆ. ಅದಕ್ಕೇ ಪ್ರತಿ ಕಡೆ ಹೊರಗಿನವರ ಜೊತೆ ಊರಿನ ಹೋಮ್‌ಗಾರ್ಡ್ ಒಬ್ಬನನ್ನು ನಿಲ್ಲಿಸಿದೆವು. ಕೈಯಲ್ಲಿ ಆ ಪಟ್ಟಿ, ಜೊತೆಗೆ ಯಾವ ಓಣಿ ತೆರೆದಿದೆ ಅನ್ನುವ ನಕ್ಷೆ. ಆ ವರ್ಷ ಅದೇ ಆಟೊ ಬಂದಾಗ ಕೊಕ್ಕೆ ಬಿಚ್ಚಲು ಅರ್ಧ ನಿಮಿಷ ಸಾಕಾಯಿತು.

ನಿಷೇಧಾಜ್ಞೆ ಬಂದಾಗಲೂ ಇಂಥದ್ದೇ ತೊಂದರೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. 2024ರ ಜುಲೈ 1ರಿಂದ ಹಳೆಯ 144ರ ಜಾಗದಲ್ಲಿ ಬಂದಿದೆ. ಜನ ಇನ್ನೂ 144 ಅಂತಲೇ ಅನ್ನುತ್ತಾರೆ, ಕೇಳಿದ ಕೂಡಲೇ ಶಟರ್ ಎಳೆಯುತ್ತಾರೆ. ಆದರೆ ಅದು ಕರ್ಫ್ಯೂ ಅಲ್ಲ. ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಜನ ಗುಂಪು ಸೇರಬಾರದು ಅಂತ ಇರುತ್ತದೆ, ಹಾಲು ತರಬೇಡಿ ಅಂತ ಅಲ್ಲ. ನಾನು ಆದೇಶವನ್ನು ಪೂರ್ತಿ ಓದಿ, ಏನು ಮಾಡಬಾರದು ಅನ್ನುವುದಕ್ಕಿಂತ ಮೊದಲು ಏನು ಮಾಡಬಹುದು ಅಂತ ಮೈಕಿನಲ್ಲಿ ಹೇಳಿಸುತ್ತಿದ್ದೆ. ಕಿರಾಣಿ ಅಂಗಡಿಯವರು ಶಟರ್ ಮೇಲೆತ್ತುತ್ತಿದ್ದರು.

ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ವಿಷಯ ಮಾತ್ರ ಸರಿಹೋಗಲಿಲ್ಲ. ಮೆರವಣಿಗೆ ದಾರಿಯಲ್ಲಿ ಬುಟ್ಟಿ ಇದ್ದರೆ ಎಡವಿ ಬೀಳುತ್ತಾರೆ, ಗುಂಪಿನಲ್ಲಿ ಒಬ್ಬರು ಬಿದ್ದರೆ ಹತ್ತು ಜನ ಬೀಳುತ್ತಾರೆ. ಹಾಗಂತ ಎಬ್ಬಿಸಿದರೆ ಹಬ್ಬದ ದಿನದ ದುಡಿಮೆ ಹೋಯಿತು. ‘ಯಪ್ಪಾ, ಇವತ್ತ ಮಾರಲಿಲ್ಲಂದ್ರ ನಾಳೆ ಈ ಹೂ ಯಾರು ತಗೋತಾರ?’ ಅಂತ ಒಬ್ಬಾಕೆ ಕೇಳಿದ್ದಳು. ಮೇಲಿನವರ ಹತ್ತಿರ ಹೋಗಿ ಬ್ಯಾರಿಕೇಡಿನ ಒಳಬದಿ ಐದು ಬುಟ್ಟಿಗೆ ಜಾಗ ಕೇಳಿದೆ. ಮೂರಕ್ಕೆ ಸಿಕ್ಕಿತು.