ಬಿದಿಗೆಯಿಂದ ಹುಣ್ಣಿಮೆವರೆಗೆ: ಚಂದ್ರನ ಫೋಟೊ ತೆಗೆಯೋದು ಹೀಗೆ

ಪ್ರತಿ ಹುಣ್ಣಿಮೆಯ ಮರುದಿನ ನನ್ನ ವಾಟ್ಸಾಪ್‌ಗೆ ಏಳೆಂಟು ಚಂದ್ರರು ಬಂದು ಬೀಳುತ್ತಾರೆ. ಎಲ್ಲ ಒಂದೇ ಥರ. ಕರಿ ಆಕಾಶ, ನಡುವೆ ಬಿಳಿ ಚುಕ್ಕೆ. ಬೀದಿದೀಪ ಅಂದರೂ ನಂಬಬಹುದು. ಕಳಿಸಿದವರ ಹತ್ತಿರ ಒಳ್ಳೆ ಕ್ಯಾಮೆರಾ ಇದೆ, 70-300 ಎಂಎಂ ಜೂಮ್ ಲೆನ್ಸೂ ಇದೆ. ಎಡವಿದ್ದು ಬೇರೆ ಕಡೆ.

ಮೊದಲು ದಿನ ಆರಿಸಿಕೊಳ್ಳಿ. ಗೋಡೆ ಕ್ಯಾಲೆಂಡರಿನ ತಿಥಿ ಸಾಕು, ಆ್ಯಪ್ ಬೇಡ. ಬಿದಿಗೆ, ತದಿಗೆ ಚಂದ್ರ ಸಂಜೆ ಪಡುವಣದಲ್ಲಿ ಸ್ವಲ್ಪ ಹೊತ್ತು ಇದ್ದು ಮುಳುಗುತ್ತಾನೆ. ಶುಕ್ಲ ಅಷ್ಟಮಿಯವನು ಸಂಜೆಗೇ ಎತ್ತರದಲ್ಲಿರುತ್ತಾನೆ. ಹುಣ್ಣಿಮೆಯವನು ಸೂರ್ಯ ಮುಳುಗುವಾಗ ಮೂಡುತ್ತಾನೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಕೃಷ್ಣ ಅಷ್ಟಮಿಗೆ ನಡುರಾತ್ರಿ ಕಾಯಬೇಡಿ, ಬೆಳಗಿನ ಐದಕ್ಕೆ ಎದ್ದರೆ ಆಯಿತು.

ನನ್ನ ಮಾತು ಕೇಳುವುದಾದರೆ ಹುಣ್ಣಿಮೆಯಿಂದ ಶುರು ಮಾಡಬೇಡಿ. ಅವತ್ತು ಬಿಸಿಲು ಚಂದ್ರನ ಮೇಲೆ ನೇರ ಬೀಳುತ್ತದೆ, ನೆರಳೇ ಇಲ್ಲ, ಮುಖ ತಟ್ಟೆಯ ಹಾಗೆ ಚಪ್ಪಟೆ. ಅಷ್ಟಮಿಯಿಂದ ದಶಮಿವರೆಗೆ ಬೆಳಕು ಕತ್ತಲು ಸೇರುವ ಗೆರೆ ನೋಡಿ. ಅಲ್ಲಿ ಒಂದೊಂದು ಕುಳಿಗೂ ಅದರದೇ ನೆರಳು.

ಚಂದ್ರ ತೀರ ಕೆಳಗಿದ್ದಾಗ ತೆಗೆಯಬೇಡಿ. ದಾವಣಗೆರೆಯಲ್ಲಿ ಧೂಳಿನ ಜೊತೆ ಮಂಡಕ್ಕಿ ಭಟ್ಟಿಗಳ ಹೊಗೆಯೂ ಇದೆ. ಅದರ ಮೂಲಕ ನೋಡಿದರೆ ಚಂದ್ರ ಕೆಂಪಗೆ ನಡುಗುತ್ತಾನೆ. ಸ್ವಲ್ಪ ಏರಲಿ. ನೆತ್ತಿಗೆ ಬಂದರೂ ಕಷ್ಟವೇ, ಕತ್ತು ಹಿಡಿದುಕೊಳ್ಳುತ್ತದೆ.

ಅಗ್ಗದ ಟ್ರೈಪಾಡ್ ಬೇಡ. ಪ್ಲಾಸ್ಟಿಕ್ ತಲೆಯ ಮೇಲೆ ಉದ್ದನೆ ಲೆನ್ಸ್ ಕೂರಿಸಿದರೆ ಕೈ ಬಿಟ್ಟ ತಕ್ಷಣ ಮೂಗು ಕೆಳಗೆ ಹಾಕುತ್ತದೆ. ಅದಕ್ಕಿಂತ ಐದು ಕೆಜಿ ಮೆಕ್ಕೆಜೋಳದ ಚೀಲ ಮಾಳಿಗೆ ಗೋಡೆ ಮೇಲಿಟ್ಟು, ನಡುವೆ ಗುಳಿ ಮಾಡಿ ಲೆನ್ಸ್ ಮಲಗಿಸಿ. ಎರಡು ಸೆಕೆಂಡಿನ ಟೈಮರ್ ಹಾಕಿ. ಲೆನ್ಸಿನ ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಯುವಿ ಫಿಲ್ಟರ್ ಬಿಚ್ಚಿಡಿ, ಇಲ್ಲದಿದ್ದರೆ ಪಕ್ಕದಲ್ಲಿ ಇನ್ನೊಬ್ಬ ಮಸುಕು ಚಂದ್ರ ಹುಟ್ಟಬಹುದು. ಲೆನ್ಸ್ ಮುಂದೆ ತಿರುಗಿಸಿ ಹಾಕುವ ‘ಎರಡು ಪಟ್ಟು’ ಗಾಜು ಮಾರುತ್ತಾರಲ್ಲ, ದುಡ್ಡು ದಂಡ.

ಈಗ ಎಲ್ಲರೂ ಮುಗ್ಗರಿಸುವ ಜಾಗ. ಆಟೊದಲ್ಲಿಟ್ಟರೆ ಕ್ಯಾಮೆರಾ ಕಪ್ಪು ಆಕಾಶವನ್ನೇ ನೋಡಿ, ಕತ್ತಲೆ ಜಾಸ್ತಿ ಎಂದುಕೊಂಡು ಶಟರ್ ತೆರೆದೇ ಇಡುತ್ತದೆ. ಆದರೆ ಚಂದ್ರ ಅಂದರೆ ಬಿಸಿಲಿಗೆ ಬಿದ್ದ ಬಂಡೆ. ಮಧ್ಯಾಹ್ನದ ಬಂಡೆಗೆ ಇಡುವ ಲೆಕ್ಕವೇ ಇವನಿಗೂ. ಮ್ಯಾನ್ಯುಯಲ್‌ಗೆ ಹಾಕಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) 200, ಲೆನ್ಸಿನ ಕಿಂಡಿ ಎಫ್ 8. ಹುಣ್ಣಿಮೆಗೆ ಶಟರ್ 1/400 ಸೆಕೆಂಡ್, ದ್ವಾದಶಿ ಆಸುಪಾಸಿಗೆ 1/200, ಅಷ್ಟಮಿಗೆ 1/100, ಚೌತಿ ಪಂಚಮಿಗೆ 1/50. ಬಿದಿಗೆಯ ಎಳೆ ಚಂದ್ರನಿಗೆ ಐಎಸ್‌ಒ 800ರವರೆಗೂ ಏರಿಸಬಹುದು. ಇದು ಶುರುವಿಗೆ ಮಾತ್ರ. ತೆಗೆದದ್ದನ್ನು ದೊಡ್ಡದು ಮಾಡಿ ನೋಡಿ. ಬಿಳಿ ಭಾಗದಲ್ಲಿ ಕಲೆ ಕಾಣದಿದ್ದರೆ ಶಟರ್ ಇನ್ನೂ ಜೋರು ಮಾಡಿ. ಸ್ವಲ್ಪ ಮಂಕಾದರೆ ಪರವಾಗಿಲ್ಲ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲು) ಎತ್ತಬಹುದು. ಸುಟ್ಟು ಬಿಳಿಯಾದದ್ದು ಮತ್ತೆ ಬರಲ್ಲ.

ಫೋಕಸ್ ಇನ್ನೂ ಮೋಸ. ಲೆನ್ಸ್ ಮೇಲಿನ ಅನಂತದ (∞) ಗುರುತು ನಂಬಿ ನಾನು ಒಂದು ಸಲ ತದಿಗೆಯಿಂದ ತ್ರಯೋದಶಿವರೆಗೆ ಹನ್ನೊಂದೂ ರಾತ್ರಿ ಹಾಳು ಮಾಡಿಕೊಂಡೆ. ಎಲ್ಲ ಹಾಲಿನಲ್ಲಿ ಅದ್ದಿದ ಹಾಗಿದ್ದವು. ಬಹಳ ಲೆನ್ಸುಗಳ ರಿಂಗ್ ಆ ಗುರುತು ದಾಟಿ ಮುಂದಕ್ಕೂ ತಿರುಗುತ್ತದೆ. ಹಾಗಾಗಿ ಲೈವ್ ವ್ಯೂ ಹಾಕಿ, ಸ್ಕ್ರೀನಿನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಬೆಳಕು ಕತ್ತಲಿನ ಗೆರೆಯ ಮೇಲೆ ಒಂದು ಕುಳಿ ಹಿಡಿಯಿರಿ. ರಿಂಗನ್ನು ಮೆಲ್ಲಗೆ ತಿರುಗಿಸಿ. ಅಂಚು ಚೂಪಾಗುತ್ತದೆ, ಮತ್ತೆ ಮಸುಕಾಗುತ್ತದೆ. ಮಸುಕಾಗುವವರೆಗೆ ಹೋಗಿಯೇ ವಾಪಸ್ ಬನ್ನಿ, ಆಗಲೇ ಸರಿಯಾದ ಜಾಗ ಗೊತ್ತಾಗೋದು. ಸಿಕ್ಕ ಕೂಡಲೇ ರಿಂಗಿಗೆ ಟೇಪ್ ಅಂಟಿಸಿ. ಜೂಮ್ ಮುಟ್ಟಿದರೆ ಮತ್ತೆ ಮೊದಲಿನಿಂದ.

300 ಎಂಎಂನಲ್ಲಿ ಚಂದ್ರ ಸೆನ್ಸರ್ ಮೇಲೆ ಮೂರು ಮಿಲಿಮೀಟರ್ ಕೂಡ ಇರಲ್ಲ. ಬೇಜಾರಾಗಬೇಡಿ, ಕತ್ತರಿಸಿಕೊಂಡರಾಯಿತು. ಕೆಲವು ಮೊಬೈಲ್‌ಗಳು ಚಂದ್ರನನ್ನು ಗುರುತು ಹಿಡಿದು ತಾವೇ ಕಲೆ ತಿದ್ದುತ್ತವೆ. ಅದರ ಜೊತೆ ಪೈಪೋಟಿ ಬೇಡ.

ಒಂದೇ ತಿಂಗಳಲ್ಲಿ ಪೂರ್ತಿ ಸಾಲು ಸಿಗುವುದಿಲ್ಲ, ಮೋಡ ಬಿಡಲ್ಲ. ಬಿಟ್ಟದ್ದನ್ನು ಮುಂದಿನ ತಿಂಗಳು ತುಂಬಿ. ಚಂದ್ರ ನಮಗೆ ತೋರಿಸೋದು ಯಾವಾಗಲೂ ಒಂದೇ ಮುಖ, ಹೊಂದಿಕೊಳ್ಳುತ್ತದೆ. ಗಾತ್ರ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಹೆದರಬೇಡಿ, ಅವನು ಹತ್ತಿರ ದೂರ ಓಡಾಡುತ್ತಾನೆ. ಮೂಡುವಾಗ ಒಂದು ಕಡೆ, ಮುಳುಗುವಾಗ ಇನ್ನೊಂದು ಕಡೆ ವಾಲಿರುತ್ತಾನೆ. ಜೋಡಿಸುವಾಗ ಅಂಚಿನ ಒಂಟಿ ದುಂಡು ಕಪ್ಪು ಕಲೆಯನ್ನು ಗುರುತಿಟ್ಟುಕೊಂಡು ತಿರುಗಿಸಿ. ಹುಣ್ಣಿಮೆವರೆಗೆ ಅದೇ ಸಾಕು.

ನನ್ನ ಸಾಲು ಭಾದ್ರಪದದಲ್ಲಿ ಶುರುವಾಯಿತು. ತದಿಗೆ ಸಿಕ್ಕಿತು. ಚೌತಿ ದಿನ ಅವ್ವ ಮಾಳಿಗೆ ಬಾಗಿಲಿಗೆ ಚಿಲಕ ಹಾಕಿದರು. ಸ್ಕ್ರೀನಿನಲ್ಲಿ ನೋಡಿದರೆ ಅಪವಾದ ಬರಲ್ಲ ಅಂದೆ, ಕೇಳಲಿಲ್ಲ. ಗೋಡೆಗೆ ಹಾಕಿರುವ ಸಾಲಿನಲ್ಲಿ ಚೌತಿ ಚಂದ್ರ ಮಾತ್ರ ಕಾರ್ತಿಕದ್ದು.