ಮಾಗಡಿ ಕೆರೆಯ ಹೆಬ್ಬಾತುಗಳನ್ನು ನಾವು ಎಣಿಸಿದ್ದು ಹೀಗೆ

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತು ಎಣಿಸಲು ಕೂತವರಿಗೆಲ್ಲ ಈ ಕಷ್ಟ ಗೊತ್ತು. ಹಗಲಲ್ಲಿ ಅವು ನೀರಂಚಿಗೆ ಒತ್ತೊತ್ತಾಗಿ ಸೇರಿ, ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿರುತ್ತವೆ. ನಡುವೆ ಸೂಜಿಬಾಲದ ಬಾತುಗಳೂ ಇರುತ್ತವೆ. ಹತ್ತು ಗಂಟೆ ದಾಟಿದರೆ ಬಿಸಿಲಿನ ಝಳಕ್ಕೆ ದುರ್ಬೀನಿನಲ್ಲಿ ಎಲ್ಲವೂ ಕದಲುತ್ತದೆ. ಒಂದೇ ದಂಡೆಯಲ್ಲಿ ನಿಂತ ಇಬ್ಬರ ಲೆಕ್ಕದಲ್ಲಿ ಸಾವಿರದಷ್ಟು ಫರಕು ಬಂದದ್ದುಂಟು.

ಮೊದಲು ದುಡ್ಡು ಸುರಿದು ನೋಡಿದೆವು. ಹಳೆಯ ಸ್ಪಾಟಿಂಗ್ ಸ್ಕೋಪ್ ಒಂದಕ್ಕೆ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಟ್ರೈಪಾಡ್‌ಗೆ ಮತ್ತೆ ಮೂರೋ ಮೂರೂವರೆಯೋ ಸಾವಿರ. ಹಕ್ಕಿ ಹತ್ತಿರ ಕಂಡಿತು, ಎಣಿಕೆ ಸುಧಾರಿಸಲಿಲ್ಲ. ಫೋನಿನಲ್ಲಿ ಪನೋರಮಾ ತೆಗೆದರೆ ಈಜುವ ಹಕ್ಕಿ ಎರಡೆರಡು ಸಲ ಬಂತು. ಡ್ರೋನ್ ತರ್ತೀನಿ ಅಂದವರಿಗೆ ನಾನೇ ಬೇಡ ಅಂದೆ. ಹಕ್ಕಿ ಎದ್ದು ಹೋದ ಮೇಲೆ ಯಾವ ಲೆಕ್ಕ?

ಕೊನೆಗೆ ಕೈಹಿಡಿದದ್ದು ಸಂಜೆ ಹೊತ್ತು. ಮೇಯಲು ಹೊಲಗಳ ಕಡೆ ಹೊರಟಾಗ ಅವು ಸಾಲು ಕಟ್ಟಿ ಹಾರುತ್ತವೆ. ಹೈಸ್ಕೂಲು ಹುಡುಗರನ್ನೂ ಊರಿನ ಕೆಲವು ರೈತರನ್ನೂ ಕೂಡಿಸಿದೆ. "ಹಾರೋ ಹಕ್ಕಿನ ಈ ಹುಡುಗರು ಎಣಿಸ್ತಾರಾ?" ಅಂದವರೇ ಜಾಸ್ತಿ. ಎಣಿಸಿದರು, ಚೆನ್ನಾಗಿಯೇ ಎಣಿಸಿದರು. ಆಕಾಶವನ್ನು ಗುರುತುಗಳಿಂದ ಪಾಲು ಮಾಡಿದೆವು: ಬೇವಿನ ಮರದಿಂದ ಟವರ್‌ವರೆಗೆ ಒಬ್ಬರಿಗೆ, ಟವರ್‌ನಿಂದ ಗುಡಿವರೆಗೆ ಇನ್ನೊಬ್ಬರಿಗೆ. ಒತ್ತಿದಂತೆ ಲೆಕ್ಕ ಏರುವ ನೂರೈವತ್ತು ರೂಪಾಯಿಯ ಕೌಂಟರ್ ಕೈಯಲ್ಲಿ. ಹತ್ತು ಹಕ್ಕಿಗೆ ಒಂದು ಒತ್ತು. ಪಕ್ಕದಲ್ಲಿ ಒಬ್ಬ ಅದೇ ಸಾಲಿನ ವಿಡಿಯೋ ಮಾಡುತ್ತಾನೆ. ರಾತ್ರಿ ಅದನ್ನು ನಿಲ್ಲಿಸಿ ನಿಲ್ಲಿಸಿ ಒಂದೊಂದೇ ಎಣಿಸುತ್ತೇವೆ. ಎರಡರ ನಡುವಿನ ಫರಕು ಈಗ ನೂರಕ್ಕೆ ಐದಾರು, ಅಷ್ಟೇ. ಹಕ್ಕಿ ನೋಡುವವರು ತಮ್ಮ ಲೆಕ್ಕ ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಹಾಕಿದ ದೊಡ್ಡ ಸಂಖ್ಯೆಯನ್ನು ಅಲ್ಲಿನ ಪರಿಶೀಲಕರು ಪ್ರಶ್ನಿಸಿದರು. ವಿಡಿಯೋ ಕಳಿಸಿದೆವು, ಒಪ್ಪಿಕೊಂಡರು. ಆ ದಿನ ಹುಡುಗರ ಮುಖ ನೋಡಬೇಕಿತ್ತು!

ಯಾವ ದಿಕ್ಕಿಗೆ ಹೊರಡುತ್ತವೆ ಅಂತ ಕಾಲು ಗಂಟೆ ಮೊದಲೇ ಹೇಳುವ ಒಂದು ಗುರುತಿದೆ. ಒಬ್ಬ ಕುರಿಗಾಹಿ ಹೇಳಿಕೊಟ್ಟದ್ದು. ಅದನ್ನು ಇಲ್ಲಿ ಬರೆಯಲ್ಲ, ಕೆರೆಗೆ ಬಂದರೆ ತೋರಿಸ್ತೀನಿ. ನಾವು ಕೂರುವ ಜಾಗವನ್ನೂ ಹೇಳಲ್ಲ, ಅಲ್ಲಿ ಜನ ಸೇರಿದರೆ ಹಕ್ಕಿ ದಾರಿ ಬದಲಿಸುತ್ತವೆ. 2024ರಲ್ಲಿ ಕೆರೆ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಕ್ಯಾಮೆರಾ ಹಿಡಿದು ಬರುವವರು ಬೇರೆ ಜಾಸ್ತಿ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆವು. ಕಡ್ಡಿಗಳಿಂದ ಒಂದು ಮೀಟರ್ ಚೌಕ ಕಟ್ಟಿ, ಕಡಲೆ ಹೊಲದಲ್ಲೂ ಶೇಂಗಾ ಕಿತ್ತ ಹೊಲದಲ್ಲೂ ಹಿಕ್ಕೆ ಎಣಿಸಿದೆವು. ಎಲ್ಲಿ ಎಷ್ಟು ಮೇಯ್ದವು ಅಂತ ತಿಳಿಯೋದು ನಮ್ಮ ಆಸೆ. ಒಂದು ಮಳೆಗೆ ಎಲ್ಲ ಕರಗಿತು, ಅಲ್ಲಿಗೇ ಬಿಟ್ಟೆವು.

ಮರಿಗಳ ಲೆಕ್ಕ ಮಾತ್ರ ಬಿಟ್ಟಿಲ್ಲ. ದೊಡ್ಡ ಹಕ್ಕಿಯ ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟೆ. ಆ ವರ್ಷದ ಮರಿಗೆ ಪಟ್ಟೆ ಇರಲ್ಲ, ನೆತ್ತಿಯಿಂದ ಕುತ್ತಿಗೆವರೆಗೆ ಬೂದುಗಂದು ಬಣ್ಣ. ಹಿಮಾಲಯದ ಆಚೆ ಆ ಬೇಸಿಗೆ ಎಷ್ಟು ಮರಿ ಉಳಿದವು ಅನ್ನೋದರ ಅಂದಾಜು ನಮಗೆ ಸಿಗೋದು ಅದರಿಂದಲೇ. ಹದಿನೆಂಟು ಸಾವಿರದ ಸ್ಕೋಪ್ ಕೊನೆಗೂ ಉಪಯೋಗಕ್ಕೆ ಬಂದದ್ದು ಇಲ್ಲಿ. ಬೆಳಗ್ಗೆ ಏಳರಿಂದ ಎಂಟೂವರೆವರೆಗೆ, ಬೆಳಕು ನಮ್ಮ ಬೆನ್ನ ಹಿಂದಿರುವಾಗ, ನೂರು ನೂರು ತಲೆ ನೋಡಿ ಬರೆದುಕೊಳ್ಳುತ್ತೇವೆ. ಆ ಪುಸ್ತಕ ಈಗ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರ ಕೈಯಲ್ಲಿದೆ.