ಮೊದಲು ಪೊರಕೆ, ಆಮೇಲೆ ಪೈಪು

ಆಸ್ಟ್ರೇಲಿಯಾದಲ್ಲಿ ಕಾಡಂಚಿಗೆ ಮನೆ ಮಾಡಿರುವ ಕನ್ನಡಿಗರು ಕಾಳ್ಗಿಚ್ಚಿನಿಂದ ಮನೆ ಉಳಿಸಿಕೊಳ್ಳಲು ಬೇಸಿಗೆಗೆ ಮುನ್ನ ಮಾಡಬೇಕಾದ ಮೊದಲ ಕೆಲಸ ಪೊರಕೆ ಹಿಡಿಯುವುದು. ನಾವು ನೀಲಗಿರಿ ಎನ್ನುವ ಮರಗಳ ತವರು ಅದು. ಎಲೆಯಲ್ಲಿ ಎಣ್ಣೆ, ಕಾಂಡದಲ್ಲಿ ಸುಲಿದು ಜೋತಾಡುವ ತೊಗಟೆ.

ಕಾಳ್ಗಿಚ್ಚು ಎಂದರೆ ನುಗ್ಗಿ ಬರುವ ಜ್ವಾಲೆಯೇ ನಮ್ಮ ಕಣ್ಣಿಗೆ ಕಟ್ಟುತ್ತದೆ. ಸುಟ್ಟ ಊರುಗಳಲ್ಲಿ ಮನೆಮನೆ ಪರಿಶೀಲಿಸಿದ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಕಂಡುಕೊಂಡದ್ದು ಬೇರೆ: ಹೆಚ್ಚಿನ ಮನೆಗಳು ಹೊತ್ತಿಕೊಳ್ಳುವುದು ಗಾಳಿ ತರುವ ಕಿಡಿಗಳಿಂದ. 173 ಜನರನ್ನು ಬಲಿ ತೆಗೆದುಕೊಂಡ 2009ರ ಫೆಬ್ರುವರಿ 7ರಂದು ವಿಕ್ಟೋರಿಯಾದಲ್ಲಿ ಕಿಡಿಗಳು 30 ಕಿಲೋಮೀಟರ್ ದೂರ ಹಾರಿ ಹೊಸ ಬೆಂಕಿ ಎಬ್ಬಿಸಿದ್ದವು. ಕ್ಯಾನ್‌ಬೆರಾದಲ್ಲಿ ತರಗೆಲೆ ಹಾಸಿ ಬೆಂಕಿ ಹಚ್ಚಿ ನೋಡಲೆಂದೇ 25 ಮೀಟರ್ ಉದ್ದದ ಗಾಳಿ ಸುರಂಗವಿದೆ. ತರಗೆಲೆ ಅಷ್ಟು ದೊಡ್ಡ ವಿಷಯ.

ಗಾಳಿ ಬೀಸುವ ದಿನ ಮನೆಗೆ ಒಂದು ಸುತ್ತು ಹಾಕಿ. ಎಲೆ ಎಲ್ಲಿ ಬಂದು ಕೂರುತ್ತದೋ ಕಿಡಿಯೂ ಅಲ್ಲೇ ಬಂದು ಕೂರುತ್ತದೆ: ಸೂರಿನ ದಬ್ಬೆ, ಮೆಟ್ಟಿಲ ಸಂದು, ಬಾಗಿಲ ಮೂಲೆ. ಮಲೆನಾಡಿನಲ್ಲಿ ದಬ್ಬೆ ತೊಳೆಯುವುದು ಮಳೆಗಾಲಕ್ಕೆ ಮುಂಚೆ. ಅಲ್ಲಿ ಬೇಸಿಗೆಗೆ ಮುಂಚೆ, ಬೇಸಿಗೆಯುದ್ದಕ್ಕೂ.

ಆಮೇಲೆ ಸಂದುಗೊಂದುಗಳು. ಗಾಳಿಕಿಂಡಿ, ಕಿಟಕಿಗಳಿಗೆ ಲೋಹದ ಜಾಲರಿ ಹಾಕಿಸಿ, ಕಣ್ಣು ಎರಡು ಮಿಲಿಮೀಟರ್ ಮೀರದಿರಲಿ. ಪ್ಲಾಸ್ಟಿಕ್ ಜಾಲರಿ ಸೊಳ್ಳೆಗೆ ಸರಿ, ಕಿಡಿಗೆ ಕರಗಿ ಹೋಗುತ್ತದೆ.

ಮೂರನೆಯದು ಗೋಡೆಗೆ ಒರಗಿದ ಸಾಮಾನು. ಸೌದೆ ರಾಶಿ, ಕಸದ ಡಬ್ಬ, ಗಿಡದ ಬುಡಕ್ಕೆ ಹಾಸಿದ ತೊಗಟೆ ಚೂರುಗಳನ್ನು ದೂರ ಸರಿಸಿ. ಗ್ಯಾಸ್ ಸಿಲಿಂಡರಿನ ಸುರಕ್ಷಾ ಕವಾಟ ಮನೆಯ ಕಡೆ ಮುಖ ಮಾಡಿರಬಾರದು. ಎಲ್ಲರೂ ಮರೆಯುವುದು ಬಾಗಿಲ ಮುಂದಿನ ನಾರಿನ ಕಾಲೊರಸನ್ನು. ಒಣಗಿದ ನಾರಿನೊಳಗೆ ಕಿಡಿ ಸದ್ದಿಲ್ಲದೆ ಕುಳಿತು, ಹೊಗೆಯಾಡಿ, ಗಾಳಿ ತಾಗಿದಾಗ ಬಾಗಿಲಿಗೇ ಹತ್ತುತ್ತದೆ.

ನೀರಿನ ವಿಚಾರದಲ್ಲಿ ನಲ್ಲಿಯನ್ನು ನಂಬಬೇಡಿ. ಊರೆಲ್ಲ ನೀರು ಬಿಟ್ಟಾಗ ಒತ್ತಡ ಕುಸಿಯುತ್ತದೆ, ಕರೆಂಟೂ ಹೋಗುತ್ತದೆ. ಸ್ವಂತ ಟ್ಯಾಂಕು, ಪೆಟ್ರೋಲ್ ಇಲ್ಲವೇ ಡೀಸೆಲ್ ಪಂಪು ಬೇಕು. ಮನೆ ಗುಡ್ಡದ ಮೇಲಿದ್ದರೆ ಇನ್ನಷ್ಟು ಎಚ್ಚರ: ಏರು ಹತ್ತು ಡಿಗ್ರಿ ಹೆಚ್ಚಾದಂತೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ.

ಇಷ್ಟೆಲ್ಲ ಮಾಡಿದವರೂ ಉಳಿದುಕೊಳ್ಳಬಾರದ ದಿನಗಳಿವೆ. 2022ರ ಸೆಪ್ಟೆಂಬರಿನಿಂದ ದೇಶಕ್ಕೆಲ್ಲ ಒಂದೇ ಅಪಾಯಸೂಚಿ, ನಾಲ್ಕು ಹಂತ. ಕೊನೆಯದು ಕೆಟಸ್ಟ್ರಾಫಿಕ್, ಅಂದರೆ ಮಹಾವಿನಾಶದ ಹಂತ. ಅಂಥ ದಿನ ಬೆಂಕಿ ತನ್ನದೇ ಗುಡುಗಿನ ಮೋಡ ಎಬ್ಬಿಸಬಲ್ಲದು. ಮಿಂಚು ಹೊಡೆದು ಮತ್ತೊಂದೆಡೆ ಬೆಂಕಿ ಹತ್ತಬಹುದು. ಹೊಗೆ ಕಾಣಲಿ ಎಂದು ಕಾಯಬೇಡಿ. ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಬೇಗ ಹೊರಡಿ; ಯಾರ ಮನೆಗೆ, ಯಾವ ದಾರಿಯಲ್ಲಿ ಎಂಬುದು ಮೊದಲೇ ತೀರ್ಮಾನವಾಗಿರಲಿ. ಕಾರಿನಲ್ಲಿ ನೀರು, ಉಣ್ಣೆಯ ಕಂಬಳಿ ಇಡಿ. ಬಾಗಿಲು ಹಾಕುವಾಗ ಆ ಕಾಲೊರಸನ್ನು ಒಳಕ್ಕೆ ಎಸೆಯಿರಿ.